ನಾಲ್ಕು ಸ್ಕೂಲಿಗೆ ಒಂದು ಲಾರಿ ಸೌದೆ

ಮಳೆಗಾಲದಲ್ಲಿ ಹಸಿ ಸೌದೆ ಒಟ್ಟಿ ಅಡಿಗೆ ಮಾಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಸಿ ಕಟ್ಟಿಗೆಯ ಒಂದು ತುದಿಗೆ ಬೆಂಕಿ ಇಟ್ಟರೆ ಇನ್ನೊಂದು ತುದಿಯಲ್ಲಿ ನೊರೆ ಬರುತ್ತದೆ. ಒಣಗುವ ತನಕ ಬರೀ ಹೊಗೆ. ಊದಿ ಊದಿ ದವಡೆ ಬಿದ್ದುಹೋದ ಮೇಲೆ, ಸಾಕಪ್ಪಾ ಎಂದು ಎದ್ದು ನಿಂತ ಹೊತ್ತಿಗೆ, ಒಮ್ಮೆಲೇ ಧಗ್ಗನೆ ಹತ್ತಿಕೊಳ್ಳುತ್ತದೆ. ಆಗ ಪಾತ್ರೆಯ ತಳ ಸೀದು ಹೋಗುತ್ತದೆ. ಮೇಲಿನದು ಬೆಂದಿರುವುದಿಲ್ಲ, ಕೆಳಗಿನದು ಕರಿ.

ಕಳಸದ ರಸ್ತೆಯ ಬದಿಯ ಒಂದು ಊರಿನ ಪ್ರೈಮರಿ ಸ್ಕೂಲಿನಲ್ಲಿ ನಾನು ಉಪ್ಪಿಟ್ಟು ಮಾಡುವ ಕೆಲಸಕ್ಕಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಇಲ್ಲ. ಆದರೆ ಆ ಕೆಲಸಕ್ಕೆ ಓದು ಯಾರೂ ಕೇಳಲಿಲ್ಲ. ಹೊರದೇಶದಿಂದ ಹಳದಿ ರವೆ ಮೂಟೆಯಲ್ಲಿ ಬರುತ್ತಿತ್ತು, ಎಣ್ಣೆ ಡಬ್ಬದಲ್ಲಿ. ಅವೆರಡೂ ಪುಕ್ಕಟೆ. ನೀರು ಬಾವಿಯದ್ದು. ಊರಿನವರು ಕೈಯಿಂದ ಕೊಡಬೇಕಾಗಿದ್ದದ್ದು ಸೌದೆಗೆ ಮಾತ್ರ, ಮತ್ತೆ ಅದರಲ್ಲೇ ಎಲ್ಲ ಕಷ್ಟ. ಸೌದೆ ಇಲ್ಲದ ದಿನ ಹೆಡ್‌ಮೇಷ್ಟ್ರು ಗಂಟೆ ಹೊಡೆಸಿ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಎಸ್ಟೇಟಿನ ಕೂಲಿಯವರ ಸಾಲುಮನೆ, ಲೈನಿನವು. ಮನೆಗೆ ಹೋದರೆ ಅಲ್ಲಿ ಬೀಗ. ತಾಯಿ ತೋಟದಲ್ಲಿ. ಹಸಿದ ಹೊಟ್ಟೆಯಲ್ಲಿ ಬಾಗಿಲ ಮುಂದೆ ಕೂತಿರುತ್ತಿದ್ದವು. ನನ್ನ ಇಬ್ಬರು ಮಕ್ಕಳೂ ಅದೇ ಸ್ಕೂಲಿನಲ್ಲಿ ಇದ್ದರು, ಹಾಗಾಗಿ ನನಗೆ ಗೊತ್ತು.

ಸೌದೆ ತಂದು ಕೊಡುತ್ತಿದ್ದದ್ದು ಒಬ್ಬ ಹೆಂಗಸು. ಹೊರೆಯವಳು ಎಂದೇ ಎಲ್ಲರೂ ಕರೆಯುತ್ತಿದ್ದರು. ಅವಳ ಗಂಡ ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಕೆಲಸದಲ್ಲಿ ಮೇಲಿಂದ ಬಿದ್ದು ಸತ್ತ. ಗಂಡ ಹೋದ ಮೇಲೆ ಲೈನಿನ ಮನೆಯೂ ಹೋಯಿತು. ಕಾಡಿನ ಅಂಚಿನಲ್ಲಿ ಒಂದು ಜೋಪಡಿ ಕಟ್ಟಿಕೊಂಡು ಎರಡು ಮಕ್ಕಳನ್ನು ಇಟ್ಟುಕೊಂಡಿದ್ದಳು. ದೊಡ್ಡದು ಹೆಣ್ಣು, ನಾಲ್ಕು ತುಂಬಿತ್ತೋ ಇಲ್ಲವೋ. ಸಣ್ಣದು ಗಂಡು, ಸೊಂಟದ ಮೇಲಿನ ಕೂಸು. ಕಾಫಿ ಕುಯ್ಲಿನಲ್ಲಿ ಅವಳಿಗೆ ಕೂಲಿ ಸಿಗುತ್ತಿತ್ತು. ಮಳೆಗಾಲದಲ್ಲಿ ಕೂಸು ಕಟ್ಟಿಕೊಂಡವಳನ್ನು ಮೇಸ್ತ್ರಿ ಕರೆಯುತ್ತಿರಲಿಲ್ಲ. ಆಗ ಅವಳಿಗೆ ಕಾಡಿನ ಹೊರೆಯೇ ಗತಿ. ನಮ್ಮ ಸ್ಕೂಲಿಗೂ, ರಸ್ತೆಯ ಮೇಲಿನ ಇನ್ನೂ ಎರಡು ಸ್ಕೂಲಿಗೂ ಅವಳೇ ಹೊರುತ್ತಿದ್ದಳು.

ಹೊರೆಗೆ ಕೊಡುತ್ತಿದ್ದ ಚಿಲ್ಲರೆ ಉಪ್ಪು ಮೆಣಸಿಗೆ ಸರಿಹೋಗುತ್ತಿತ್ತು. ಅವಳ ನಿಜವಾದ ಕೂಲಿ ಪಾತ್ರೆಯ ತಳ. ಸೀದು ಹಿಡಿದ ಉಪ್ಪಿಟ್ಟನ್ನು ಮಕ್ಕಳಿಗೆ ಬಡಿಸುವ ಹಾಗಿರಲಿಲ್ಲ. ಅದನ್ನು ಸಟ್ಟುಗದಲ್ಲಿ ಕೆರೆದು ಬಾಳೆಲೆಯಲ್ಲಿ ಕಟ್ಟಿ ಅವಳಿಗೆ ಕೊಡುವುದು. ಈ ಪದ್ಧತಿ ನಾನು ಮಾಡಿದ್ದಲ್ಲ, ನನಗಿಂತ ಮುಂಚೆ ಇದ್ದ ಅಡಿಗೆಯವಳು ಮಾಡಿದ್ದು. ತಳ ಸೌದೆಯವಳದ್ದು, ಅಷ್ಟೇ. ಕರಿ ಭಾಗ ಕಿತ್ತು ಎಸೆದರೆ ಕೆಂಪಗೆ ಗರಿಗರಿ ಇರುತ್ತದೆ. ಅದನ್ನೇ ನೀರಲ್ಲಿ ನೆನೆಸಿ ಆ ಎರಡು ಮಕ್ಕಳಿಗೆ ತಿನ್ನಿಸುತ್ತಿದ್ದಳು. ಮಳೆಗಾಲ ಪೂರ್ತಿ ಅವು ಬದುಕಿದ್ದು ಅದರಲ್ಲಿ.

ಅವಳ ಗಂಡನ ಅಣ್ಣ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ. ಅವನು ಆಗಾಗ ಬಸ್ಸಿನಲ್ಲಿ ಬಂದು ಒಂದೇ ಮಾತು ಹೇಳಿ ಹೋಗುತ್ತಿದ್ದ. ಒಂದು ಸಲ ಸ್ಕೂಲಿನ ಗೋಡೆಗೆ ಇಳಿಸಿ ಕಟ್ಟಿದ ನಮ್ಮ ಅಡಿಗೆ ಮಾಡಿನ ಹತ್ತಿರವೇ ಬಂದ, ಅವಳು ಹೊರೆ ಇಳಿಸುತ್ತಿದ್ದಳು.

"ನೀವಾದ್ರೂ ಬುದ್ಧಿ ಹೇಳಿ ಅಮ್ಮ ಇವಳಿಗೆ," ಅಂದ ನನಗೆ. "ಪ್ಯಾಟೇಲಿ ಅಂಗಡಿ ಸಾಹುಕಾರ್ರ ಮನೆ. ಒಂದು ಮಗು ಆಡಿಸ್ಕೊಂಡು ಇರೋಕೆ ಹೆಣ್ಣು ಹುಡುಗಿ ಬೇಕಂತೆ. ಎರಡು ಹೊತ್ತು ಊಟ, ವರ್ಷಕ್ಕೆ ಬಟ್ಟೆ. ಇವಳಿಗೆ ಒಂದು ಬಾಯಿ ಕಮ್ಮಿ ಆಗ್ತದೆ."

"ನನ್ನ ಮಗಳಿಗೆ ಅವಳ ಮೂಗೇ ಒರೆಸ್ಕೊಳೋಕೆ ಬರಲ್ಲ, ಇನ್ನು ಸಾಹುಕಾರ್ರ ಮಗೂದು ಒರೆಸ್ತಾಳಾ ಭಾವ?" ಅಂದಳು ಇವಳು.

"ಕಲಿತಾಳೆ."

"ಇನ್ನೂ ಕೂಸು. ಸ್ಕೂಲಿಗೆ ಸೇರೋ ಪ್ರಾಯ ಆಗ್ಲಿ, ಆಮೇಲೆ ಕೇಳಿ."

"ಆವಾಗ ಇಲ್ಲ ಅನ್ನಬಾರ್ದು ಮತ್ತೆ. ಈ ಅಮ್ಮನೇ ಸಾಕ್ಷಿ."

"ಹೂಂ, ಅನ್ನಲ್ಲ. ಹೋಗಿ, ಬಸ್ಸು ಬರ್ತದೆ."

ಅವನು ಹೋದ ಮೇಲೆ ಅವಳು ನಕ್ಕಳು. "ಇನ್ನೆರಡು ವರ್ಷ ಇವನ ಕಾಟ ಇಲ್ಲ ಅಕ್ಕ. ಅಷ್ಟರಲ್ಲಿ ಕೂಸು ನಡೀತದೆ, ನಾನು ತೋಟಕ್ಕೆ ಹೋಗ್ತೀನಿ, ಇಬ್ಬರೂ ನನ್ನ ಹತ್ರನೇ ಇರ್ತಾವೆ." ಅವಳ ಲೆಕ್ಕ ಅಷ್ಟೇ. ಎರಡು ಮಳೆಗಾಲ ದಾಟಿಸಬೇಕು. ಮಗಳನ್ನು ಇನ್ನೊಬ್ಬರ ಮನೆಗೆ ಹಾಕಬಾರದು.

ಆಗ ನಮ್ಮ ಸ್ಕೂಲಿಗೆ ಹೊಸ ಹೆಡ್‌ಮೇಷ್ಟ್ರು ಬಂದಿದ್ದರು. ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷವಾಗಿರಬೇಕು. ಒಳ್ಳೆಯ ಮನುಷ್ಯ, ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇರೆ ಅರ್ಥ ಮಾಡಿಕೊಳ್ಳಬಾರದು. ಬಂದ ವರ್ಷ ಮಳೆಗಾಲದಲ್ಲಿ ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬೇಕಾಗಿ ಬಂದದ್ದನ್ನು ಅವರು ಮರೆಯಲಿಲ್ಲ. ಬೇಸಿಗೆ ರಜದಲ್ಲಿ ಒಂದು ಭಾನುವಾರ ರಸ್ತೆಯ ಮೇಲಿನ ಇನ್ನೂ ಮೂರು ಸ್ಕೂಲಿನ ಮೇಷ್ಟ್ರುಗಳನ್ನು ಕರೆಸಿದರು. ಜಗಲಿಯಲ್ಲಿ ಬೆಂಚು ಹಾಕಿ ಕೂತರು. ನಾನು ಬೆಲ್ಲದ ಕಾಫಿ ಮಾಡಿ ಕೊಟ್ಟೆ.

ಹತ್ತಿರದ ಎಸ್ಟೇಟಿನಲ್ಲಿ ಹಳೇ ಕಾಫಿ ಗಿಡ ಕಿತ್ತು ಹೊಸದು ಹಾಕುತ್ತಿದ್ದರು. ಕಿತ್ತ ಗಿಡದ ಕಟ್ಟಿಗೆ ಗುಡ್ಡೆ ಗುಡ್ಡೆ ಬಿದ್ದಿತ್ತು. ಕಾಫಿ ಕಟ್ಟಿಗೆಯಷ್ಟು ಒಳ್ಳೆ ಸೌದೆ ಇನ್ನೊಂದಿಲ್ಲ.

"ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರು ಬಿಡಿ ಸೌದೆ ಮಾರಲ್ಲ," ಅಂದರು ಹೆಡ್‌ಮೇಷ್ಟ್ರು. "ಲಾರಿ ಲೋಡು ಎತ್ತಿದ್ರೆ ಕೊಡ್ತೀನಿ ಅಂತಾರೆ. ಒಂದು ಸ್ಕೂಲಿಗೆ ಲಾರಿ ಲೋಡು ತಗೊಳೋ ತ್ರಾಣ ಇಲ್ಲ. ನಾಲ್ಕು ಸೇರಿದ್ರೆ ಇದೆ. ನಾವು ವರ್ಷ ಪೂರ್ತಿ ಹೊರೆ ಲೆಕ್ಕದಲ್ಲಿ ಕೊಡೋದರ ಅರ್ಧಕ್ಕೆ ಮುಗೀತದೆ."

ದುಡ್ಡು ಉಳಿಯುತ್ತದೆ ಎಂದರೆ ಎಲ್ಲರಿಗೂ ಖುಷಿಯೇ. ಜಗಳ ಬಂದದ್ದು ಪಾಲಿನಲ್ಲಿ. ಮೇಲಿನೂರಿನ ಸಣ್ಣ ಸ್ಕೂಲಿನ ಮೇಷ್ಟ್ರು, "ನಮ್ಮಲ್ಲಿ ಮಕ್ಕಳು ಕಮ್ಮಿ, ನಾವ್ಯಾಕೆ ಸಮ ಕೊಡ್ಬೇಕು?" ಅಂದರು.

"ಮಕ್ಕಳು ಕಮ್ಮಿ ಅಂತ ಒಲೆಗೆ ಗೊತ್ತಾಗ್ತದಾ ಮಾರಾಯ್ರೇ?" ಅಂದರು ಇನ್ನೊಬ್ಬರು. "ಎಸರು ಕಾಯೋ ತನಕ ಎಲ್ಲರಿಗೂ ಒಂದೇ ಸೌದೆ."

"ಹಂಗಂತ ನಿಮ್ಮ ದೊಡ್ಡ ಪಾತ್ರೆಗೆ ನಾವು ಉರಿ ಹಾಕೋದಾ?"

"ಅಣ್ಣತಮ್ಮಂದಿರು ಮನೆ ಪಾಲು ಮಾಡ್ಕೊಳೋದು ಇದಕ್ಕಿಂತ ಸಲೀಸು," ಅಂದರು ಮೂರನೆಯವರು, ಕಾಫಿ ಲೋಟ ನನ್ನ ಕೈಗೆ ಕೊಡುತ್ತಾ.

ಕೊನೆಗೆ ಹೆಡ್‌ಮೇಷ್ಟ್ರೇ ತೀರ್ಮಾನ ಹೇಳಿದರು. ಅರ್ಧ ಸೌದೆ ಒಲೆಗೊಂದರಂತೆ ನಾಲ್ಕು ಸಮಪಾಲು. ಉಳಿದರ್ಧ ಮಕ್ಕಳ ತಲೆ ಲೆಕ್ಕ. ಕೊಡುವ ದುಡ್ಡೂ ಹಾಗೆಯೇ. ಲೆಕ್ಕ ಸರಿಯಾಗಿಯೇ ಇತ್ತು, ಎಲ್ಲರೂ ಒಪ್ಪಿದರು. ಬಸ್ ಸ್ಟ್ಯಾಂಡಿನ ಪಕ್ಕ ಗ್ಯಾರೇಜು ಇಟ್ಟಿದ್ದ ಸಾಬರು ಬರೀ ಡೀಸೆಲ್ ಖರ್ಚಿಗೆ ಲಾರಿ ಕೊಟ್ಟರು, ಅವರ ಮಕ್ಕಳು ನಮ್ಮ ಸ್ಕೂಲಿನಲ್ಲಿ ಓದಿದ್ದವು.

ಮುಂಗಾರು ಹಿಡಿಯುವುದಕ್ಕೆ ಮುಂಚೆ ಲಾರಿ ಬಂತು. ಊರಿನ ಗಂಡಸರು ಇಳಿಸಿದರು, ಮಕ್ಕಳು ಸಾಲು ನಿಂತು ಕೈಯಿಂದ ಕೈಗೆ ದಾಟಿಸಿದವು. ನಾನು ಮಾಡಿನ ಕೆಳಗೆ ಗೋಡೆಯುದ್ದ ಒಟ್ಟಿದೆ. ನನಗೆ ಹಬ್ಬವಾಗಿತ್ತು, ಸುಳ್ಳು ಹೇಳುವುದಿಲ್ಲ. ಎಷ್ಟು ವರ್ಷದಿಂದ ಹೊಗೆಯಲ್ಲಿ ಕಣ್ಣು ಕಳೆದುಕೊಂಡಿದ್ದೆ.

ಅಷ್ಟರಲ್ಲಿ ಹೊರೆಯವಳು ಸ್ಕೂಲು ತೆರೆಯುವ ಮುಂಚೆ ಸೌದೆ ಹಾಕಿಡಲು ಬಂದು ಬೇಲಿಯ ಹತ್ತಿರ ನಿಂತಳು. ತಲೆಯ ಮೇಲೆ ಹೊರೆ, ಸೊಂಟದಲ್ಲಿ ಕೂಸು, ಹಿಂದೆ ಮಗಳು ಸೆರಗು ಹಿಡಿದುಕೊಂಡು. ಹೊರೆ ಇಳಿಸಲಿಲ್ಲ.

"ಇದೆಂತ ಅಕ್ಕ, ಕಾಡನ್ನೇ ಕಿತ್ತು ತಂದ್ರಾ?"

"ಕಾಡಲ್ಲ, ಕಾಫಿ."

"ಎಷ್ಟು ದಿನ ಬರ್ತದೆ?"

"ವರ್ಷಕ್ಕೆ."

"ಅಯ್ಯ, ಹಂಗಾದ್ರೆ ನಾನು ವರ್ಷ ಪೂರ್ತಿ ಕಾಲು ಚಾಚಿ ಮಲಗ್ಬೋದು," ಅಂದಳು. ಆಮೇಲೆ, "ಇರ್ಲಿ ಬಿಡಿ. ಕೆಳಗಿನೂರಿನ ಸ್ಕೂಲಿಗೆ ಹಾಕ್ತೀನಿ ಇದನ್ನ," ಅಂದಳು.

"ಅಲ್ಲಿಗೂ ಇದೇ ಲಾರಿ ಹೋಗ್ತದೆ ಕಣೇ. ಮೇಲಿನೂರಿಗೂ."

ಅವಳು ಲಾರಿಯ ಕಡೆ ನೋಡಿದಳು. ಒಂದು ಸ್ಕೂಲು ಬಿಟ್ಟರೆ ಇನ್ನೊಂದು ಎಂದು ಅವಳು ನಂಬಿಕೊಂಡಿದ್ದಳು. ನಾಲ್ಕೂ ಒಟ್ಟಾದದ್ದರಿಂದಲೇ ಸೌದೆ ಅಗ್ಗವಾಯಿತು, ನಾಲ್ಕೂ ಒಟ್ಟಾದದ್ದರಿಂದಲೇ ಅವಳಿಗೆ ಒಂದೂ ಉಳಿಯಲಿಲ್ಲ. ಆ ದಿನದ ಹೊರೆಯನ್ನು ನಾನೇ ನನ್ನ ಮನೆಗೆ ಇಳಿಸಿಕೊಂಡೆ. ನನ್ನ ಮನೆಗೆ ದಿನಾ ಹೊರೆ ಕೊಳ್ಳುವ ಯೋಗ್ಯತೆ ನನಗಿರಲಿಲ್ಲ.

ಸ್ಕೂಲು ಶುರುವಾಯಿತು, ಮಳೆಯೂ ಶುರುವಾಯಿತು. ಕಾಫಿ ಕಟ್ಟಿಗೆ ಹದವಾಗಿ ಉರಿಯುತ್ತದೆ. ಹೊಗೆ ಇಲ್ಲ, ಊದುವುದು ಬೇಡ. ಒಂದು ದಿನವೂ ಗಂಟೆ ಹೊಡೆದು ಮಕ್ಕಳನ್ನು ಕಳಿಸಲಿಲ್ಲ. ಉಳಿದ ದುಡ್ಡಿನಲ್ಲಿ ಎರಡನೇ ಕ್ಲಾಸಿನ ಮಾಡಿಗೆ ಹೊಸ ಹಂಚು ಬಂತು. ಎಲ್ಲವೂ ಸರಿ. ಒಂದೇ ಒಂದು ವಿಷಯ ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ: ಒಳ್ಳೆ ಸೌದೆಯಲ್ಲಿ ತಳ ಸೀಯುವುದಿಲ್ಲ.

ಹೊರೆ ಇಲ್ಲದಿದ್ದರೂ ತಳವಾದರೂ ಸಿಗಬಹುದು ಎಂದು ಅವಳು ಮಧ್ಯಾಹ್ನ ಬಂದು ನಿಂತಳು. ನಾನು ಪಾತ್ರೆ ವಾಲಿಸಿ ತೋರಿಸಿದೆ. ತೊಳೆದಿಟ್ಟ ಹಾಗಿತ್ತು. ಸೊಂಟದ ಕೂಸು ಪಾತ್ರೆಗೆ ಕೈ ಚಾಚಿತು. ಅವಳು ಆ ಕೈ ಹಿಡಿದುಕೊಂಡು ಹೋದಳು.

ಮಾರನೇ ದಿನ ನಾನು ಬೇಕೆಂತಲೇ ಸೀಯಿಸಿದೆ. ದಪ್ಪ ಬೊಡ್ಡೆ ಒಂದನ್ನು ಒಳಗೆ ತಳ್ಳಿ, ಸಟ್ಟುಗ ಆಡಿಸದೆ ಸುಮ್ಮನೆ ನಿಂತೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ತಳ ಅವಳದ್ದು ಎಂದು ಮೊದಲಿಂದ ಇತ್ತು. ಇಲ್ಲದ್ದನ್ನು ಮಾಡಿ ಕೊಟ್ಟೆ, ಅಷ್ಟೇ. ಆದರೆ ಸೀದ ವಾಸನೆ ಇಡೀ ಪಾತ್ರೆಗೆ ಹತ್ತುತ್ತದೆ. ಮಕ್ಕಳು ಮೂಗು ಮುಚ್ಚಿಕೊಂಡವು. "ಉಪ್ಪಿಟ್ಟಮ್ಮ, ನಿದ್ದೆ ಬಂತಾ?" ಅಂತ ಒಂದು ಪೋರ ಕೂಗಿತು, ಉಳಿದವು ನಕ್ಕವು. ಒಂದು ವಾರ ಹಾಗೇ ನಡೆಯಿತು.

ಹೆಡ್‌ಮೇಷ್ಟ್ರು ಅಡಿಗೆ ಮಾಡಿಗೆ ಬಂದರು. ಒಂದು ಬೆರಳು ಉಪ್ಪಿಟ್ಟು ಬಾಯಿಗೆ ಇಟ್ಟು ನೋಡಿದರು.

"ಏನಮ್ಮ ಇದು? ಹಸಿ ಸೌದೆ ಇದ್ದಾಗ ಸೀದ್ರೆ ಸರಿ. ಈಗ ಯಾಕೆ?"

"ಸೀಯಿಸ್ತಾ ಇದ್ದೀನಿ," ಅಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ: ಹೊರೆ, ತಳ, ಎರಡು ಮಕ್ಕಳು, ಪೇಟೆಯ ಭಾವ. ಅವರು ಬಾಗಿಲ ದಾರಂದ ಹಿಡಿದು ನಿಂತು ಕೇಳಿದರು. ಕೋಪ ಬರಲಿಲ್ಲ.

"ಇದು ಸ್ಕೂಲು ಮಕ್ಕಳ ಅನ್ನ ಅಮ್ಮ. ಹೊರಗಿನವರಿಗೆ ಕೊಟ್ಟಿದ್ದು ಇನ್‌ಸ್ಪೆಕ್ಟರಿಗೆ ಗೊತ್ತಾದ್ರೆ ನಿಮ್ಮ ಕೆಲಸವೂ ಹೋಗ್ತದೆ, ನಂದೂ ಹೋಗ್ತದೆ. ಸೀಯಿಸ್ಬೇಡಿ." ಹೊರಟವರು ಬಾಗಿಲಲ್ಲಿ ತಿರುಗಿದರು. "ದೊಡ್ಡದನ್ನ ನಾಳೆ ಕರ್ಕೊಂಡು ಬರೋಕೆ ಹೇಳಿ. ಸ್ಕೂಲಿಗೆ ಸೇರಿಸ್ಕೊಳ್ತೀನಿ. ಸೇರಿದ್ಮೇಲೆ ಅದು ನಮ್ಮ ಮಗುನೇ. ಅದರ ಪಾಲು ಅದಕ್ಕೆ ಹಾಕಿ. ಸ್ವಲ್ಪ ಹೆಚ್ಚು ಬಿದ್ರೆ ನಾನು ನೋಡಲ್ಲ."

ಆಗ ಹುಟ್ಟಿದ ದಿನದ ಚೀಟಿ ಯಾರ ಹತ್ತಿರವೂ ಇರಲಿಲ್ಲ. ಸ್ಕೂಲಿನ ಪ್ರಾಯ ಬಂತೋ ಇಲ್ಲವೋ ಎಂದು ನೋಡುವುದು ಕಿವಿಯಿಂದ. ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ಕ್ಲಾಸು, ಮುಟ್ಟದಿದ್ದರೆ ಮನೆಗೆ. ಹುಡುಗಿ ಬಂದಳು. ಕೈ ಹಾಕಿದಳು. ಬೆರಳು ನೆತ್ತಿ ದಾಟಿ ಕೂದಲಿನಲ್ಲೇ ನಿಂತಿತು.

"ತಲೆ ಸ್ವಲ್ಪ ವಾಲಿಸು ಪುಟ್ಟಿ," ಅಂದರು ಹೆಡ್‌ಮೇಷ್ಟ್ರು. "ಹಿಂಗಲ್ಲ, ಈ ಕಡೆ. ಹೆಗಲು ಎತ್ತು. ಹಾಂ."

ಕತ್ತನ್ನು ಪೂರ್ತಿ ಮುರಿದ ಹಾಗೆ ವಾಲಿಸಿದ ಮೇಲೆ ಬೆರಳ ತುದಿ ಕಿವಿಗೆ ತಾಗಿತು. "ಜಾಣೆ," ಅಂದರು. ಪ್ರಾಯ ಆಯಿತು ಎಂದು ಸೇರಿಸಿಕೊಂಡರು. ಅವಳಮ್ಮ ಅವರ ಕಾಲಿಗೆ ಬೀಳಲು ಹೋದಳು, ಅವರು ಹಿಂದೆ ಸರಿದರು.

ಅಲ್ಲಿಂದ ಸ್ವಲ್ಪ ದಿನ ಚೆನ್ನಾಗಿತ್ತು. ಹುಡುಗಿಯ ಎಲೆಗೆ ನಾನು ಕೈತುಂಬ ಹಾಕುತ್ತಿದ್ದೆ. ಅವಳು ಅರ್ಧ ತಿಂದು ಅರ್ಧವನ್ನು ಬೇಲಿಯ ಆಚೆ ಕೂತ ತಮ್ಮನಿಗೆ ಕೊಡುತ್ತಿದ್ದಳು. ತಾಯಿ ಕಂಬಳಿ ಕೊಪ್ಪೆ ಹಾಕಿಕೊಂಡು ಅವನನ್ನು ಹಿಡಿದು ಕೂತಿರುತ್ತಿದ್ದಳು. ಆ ಹೊತ್ತಿಗೆ ಹೆಡ್‌ಮೇಷ್ಟ್ರು ಬೋರ್ಡು ಒರೆಸುವುದಕ್ಕೆ ಒಳಗೆ ಹೋಗುತ್ತಿದ್ದರು.

ಹುಡುಗಿಗೆ ಕಿವಿ ಮುಟ್ಟುವುದೇ ಒಂದು ಆಟವಾಯಿತು. ಹೆಡ್‌ಮೇಷ್ಟ್ರು ಎದುರು ಸಿಕ್ಕಾಗಲೆಲ್ಲ ತಲೆ ವಾಲಿಸಿ ಮುಟ್ಟಿ ತೋರಿಸುತ್ತಿದ್ದಳು. ಅವರು "ಜಾಣೆ" ಅನ್ನಬೇಕು, ಇಲ್ಲದಿದ್ದರೆ ದಾರಿ ಬಿಡುತ್ತಿರಲಿಲ್ಲ.

ಆಷಾಢದಲ್ಲಿ ಒಂದು ದಿನ ಬೆಳಗ್ಗೆ ಭಾವ ಬಂದ. ಜೋಪಡಿಗೆ ಹೋಗಿ ನೋಡಿದರೆ ಹುಡುಗಿ ಸ್ಕೂಲಿಗೆ ಹೊರಟು ಸ್ಲೇಟು ಹಿಡಿದು ಕೂತಿದೆ. ಅವನು ಮತ್ತೇನೂ ಕೇಳಲಿಲ್ಲವಂತೆ. "ಸ್ಕೂಲಿಗೆ ಸೇರೋ ಪ್ರಾಯ ಆಯ್ತಲ್ಲ, ನಡಿ," ಅಂದನಂತೆ. ಇವಳು ಮಗಳನ್ನು ಎತ್ತಿಕೊಂಡು ಮಳೆಯಲ್ಲೇ ಸ್ಕೂಲಿಗೆ ಓಡಿ ಬಂದಳು. ಅವನು ಹಿಂದೆಯೇ ಬಂದ, ಕೊಡೆ ಹಿಡಿದುಕೊಂಡು, ನಿಧಾನಕ್ಕೆ.

"ಸಾರ್, ಹೇಳಿ ಸಾರ್ ಇವರಿಗೆ," ಅಂದಳು ಜಗಲಿಯಲ್ಲಿ. "ಪ್ರಾಯ ಆಗಿಲ್ಲ ಅಂತ ಹೇಳಿ. ನೀವು ಪಾಪ ಅಂತ ಸೇರಿಸ್ಕೊಂಡಿದ್ದು ಅಂತ ಹೇಳಿ."

ಅದೇ ಹೊತ್ತಿಗೆ ಇನ್‌ಸ್ಪೆಕ್ಟರು ಬಂದು ಒಳಗೆ ಕೂತಿದ್ದರು. ಬಾಗಿಲು ತೆರೆದಿತ್ತು. ಹೆಡ್‌ಮೇಷ್ಟ್ರು ಒಳಗೆ ನೋಡಿದರು, ಹೊರಗೆ ನೋಡಿದರು. ಅವರ ಕೆಲಸ ನಂಬಿದ ಮಕ್ಕಳು ಅವರ ಮನೆಯಲ್ಲೂ ಇದ್ದವು.

"ಪ್ರಾಯ ಆಗಿದೆ ಅಂತಲೇ ಸೇರಿಸ್ಕೊಂಡಿರೋದು," ಅಂದರು. ದನಿ ಸಣ್ಣಗಿತ್ತು.

"ಕೇಳಿದ್ಯಾ?" ಅಂದ ಭಾವ.

ನನಗೆ ತಡೆಯಲಾಗಲಿಲ್ಲ. ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ ಹೋದೆ. "ಎಂಥ ಪ್ರಾಯ ಮಾರಾಯ? ಹಲ್ಲು ಬಿದ್ದಿಲ್ಲ, ಕೈ ಬೆಳೆದಿಲ್ಲ. ಆ ಹುಡುಗಿಗೆ ಕಿವಿ ಸಿಗಲ್ಲ. ಬೇಕಾದ್ರೆ ನೀನೇ ನೋಡು."

ಅವನು ಕೊಡೆ ಮಡಿಚಿದ. ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕೆಟ್ಟದಾಗಿ ಮಾತಾಡಲಿಲ್ಲ. "ಎಲ್ಲಿ ಪುಟ್ಟಿ, ದೊಡ್ಡಪ್ಪನಿಗೆ ತೋರಿಸು. ಕಿವಿ ಮುಟ್ಟು ನೋಡಣ."

ಹುಡುಗಿ ಅಮ್ಮನ ತೋಳಿನಿಂದ ಇಳಿದಳು. ತಲೆಯನ್ನು ಹೆಗಲಿಗೆ ತಾಗುವ ಹಾಗೆ ವಾಲಿಸಿದಳು, ಹೆಗಲು ಎತ್ತಿದಳು, ಕೈ ಹಾಕಿ ಕಿವಿಯ ತುದಿ ಹಿಡಿದುಕೊಂಡಳು. ಹಿಡಿದುಕೊಂಡೇ ಹೆಡ್‌ಮೇಷ್ಟ್ರ ಮುಖ ನೋಡಿ ನಗುತ್ತಾ ನಿಂತಳು. ಅವರು ಏನಾದರೂ ಅನ್ನಲಿ ಎಂದು ಕಾದಳು. ಅವರು ಒಳಗೆ ಹೋದರು.

ಕೊಟ್ಟ ಮಾತಿಗೆ ಕಟ್ಟುಬಿದ್ದು ಅವಳು ಮಗಳನ್ನು ಕಳಿಸಿದಳು ಎಂದು ಊರಿನಲ್ಲಿ ಅಂದರು. ಮಾತಿಗಾಗಿ ಯಾರೂ ಮಕ್ಕಳನ್ನು ಕಳಿಸುವುದಿಲ್ಲ. ಹೊರೆ ನಿಂತಿತ್ತು, ಕೂಸಿಗೆ ಭೇದಿ ಹಿಡಿದಿತ್ತು, ಭಾವನಿಗೆ ಎದುರು ಹೇಳಲು ಅವಳ ಹತ್ತಿರ ಇದ್ದದ್ದು ಅದೊಂದೇ ನೆಪ. ಅದೂ ಹೋಯಿತು. ಸ್ಕೂಲಿನ ಊಟ ಒಂದು ಹೊತ್ತಿನದ್ದು, ಭಾನುವಾರ ಇಲ್ಲ, ರಜಕ್ಕೆ ಇಲ್ಲ. ಸಾಹುಕಾರರ ಮನೆಯಲ್ಲಿ ಎರಡು ಹೊತ್ತು. ಅವಳು ಎಷ್ಟು ಸಲ ತೂಗಿ ನೋಡಿದರೂ ತಟ್ಟೆ ಒಂದೇ ಕಡೆ ಇಳಿಯುತ್ತಿತ್ತು. ಅವಳ ಜಾಗದಲ್ಲಿ ನಾನಿದ್ದರೂ ಕಳಿಸುತ್ತಿದ್ದೆ.

ಬಸ್ಸಿಗೆ ಹೋಗುವಾಗ ಹುಡುಗಿ ಸ್ಲೇಟು ತೆಗೆದುಕೊಂಡು ಹೊರಟಿತ್ತು. ಅದು ಸ್ಕೂಲಿನದ್ದು. ತಾಯಿ ಕಿತ್ತುಕೊಂಡು ನನ್ನ ಕೈಗೆ ಕೊಟ್ಟಳು. ಮಗು ಅತ್ತದ್ದು ಸ್ಲೇಟಿಗೆ. ಅಮ್ಮ ಜೊತೆಯಲ್ಲಿ ಬರುವುದಿಲ್ಲ ಎಂದು ಅದಕ್ಕೆ ಇನ್ನೂ ಗೊತ್ತಿರಲಿಲ್ಲ.

ಮುಂದಿನ ವರ್ಷ ಮೂಡಿಗೆರೆ ಕಡೆಯ ಇನ್ನಷ್ಟು ಸ್ಕೂಲುಗಳು ನಮ್ಮ ಜೊತೆ ಸೇರಿದವು. ಎರಡು ಲಾರಿ ಎತ್ತಿದರು, ಇನ್ನೂ ಅಗ್ಗಕ್ಕೆ ಸಿಕ್ಕಿತು. ಬೇರೆ ಊರಿನ ಮೇಷ್ಟ್ರುಗಳು ಬಂದು ಹೇಗೆ ಮಾಡಿದಿರಿ ಎಂದು ಕೇಳಿಕೊಂಡು ಹೋದರು. ಮಾಡಬೇಕಾದದ್ದೇ ಅದು. ನೂರಾರು ಮಕ್ಕಳು ಮಳೆಗಾಲದಲ್ಲಿ ಬಿಸಿಯಾಗಿ ಉಂಡವು, ನನ್ನವೂ ಉಂಡವು. ಯಾರಾದರೂ ಇವತ್ತು ಬಂದು ಕೇಳಿದರೂ ಸೇರಿಯೇ ಕೊಳ್ಳಿ ಅನ್ನುತ್ತೇನೆ. ಹೆಡ್‌ಮೇಷ್ಟ್ರು ಮಾತ್ರ ಆಮೇಲೆ ಯಾವ ಮಗುವಿಗೂ ಕಿವಿ ಮುಟ್ಟಿಸಿ ನೋಡಲಿಲ್ಲ. ತಂದೆ ತಾಯಿ ಹೇಳಿದ ಪ್ರಾಯ ಬರೆದುಕೊಳ್ಳುತ್ತಿದ್ದರು. ಎರಡು ವರ್ಷಕ್ಕೆ ವರ್ಗ ಮಾಡಿಸಿಕೊಂಡು ಬಯಲು ಸೀಮೆಗೆ ಹೋದರು.

ಮಗಳನ್ನು ಕಳಿಸಿದ ವರ್ಷವೇ, ಕುಯ್ಲು ಮುಗಿದ ಮೇಲೆ, ಹೊರೆಯವಳು ಒಂದು ಸಲ ಚಿಕ್ಕಮಗಳೂರಿಗೆ ಹೋಗಿ ಮಗಳನ್ನು ನೋಡಿ ಬಂದಳು. ಬಂದವಳು ಸೀದಾ ಅಡಿಗೆ ಮಾಡಿಗೆ ಬಂದು ಕೂತಳು.

"ಹೆಂಗಿದ್ದಾಳೆ?" ಅಂದೆ.

"ದಪ್ಪ ಆಗಿದ್ದಾಳೆ ಅಕ್ಕ. ತಲೆಗೆ ಎಣ್ಣೆ ಹಾಕ್ತಾರೆ. ಒಳ್ಳೆ ಲಂಗ."

"ಮಾತಾಡಿದ್ಲಾ?"

"ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿದ್ರು ನನ್ನ. ಬಂದ್ಲು. ಸೊಂಟದಲ್ಲಿ ಅವರ ಮಗು ಇತ್ತು. ತೊಡೆ ಮೇಲೆ ಬಾ ಅಂದೆ, ಬರ್ಲಿಲ್ಲ. 'ಮಗು ಅಳ್ತದೆ, ನಾನು ಒಳಗೆ ಹೋಗ್ತೀನಿ' ಅಂದ್ಲು. ದೊಡ್ಡ ಹೆಂಗಸಿನ ಥರ." ಅವಳು ಕೂಸನ್ನು ಇನ್ನೊಂದು ತೊಡೆಗೆ ಹಾಕಿಕೊಂಡಳು. ಅದು ಆಗಲೇ ನಡೆಯಲು ಕಲಿತಿತ್ತು. "ಪಾತ್ರೆ ತಿಕ್ಕೋಕೆ ಗಿಕ್ಕೋಕೆ ಇಲ್ಲಿ ಜನ ಬೇಕಾ ಅಕ್ಕ?"

ಬೇಡ ಅಂದೆ. ತಳ ಹಿಡಿಯದ ಪಾತ್ರೆ ತಿಕ್ಕುವುದಕ್ಕೆ ನಾನೊಬ್ಬಳೇ ಸಾಕಾಗಿತ್ತು.